ತಿರಸ್ಕೃತ ಬೀಡಿಗಳ ಲೆಕ್ಕ: ಒಂದು ಆಪ್ತಸಲಹೆ ಪ್ರಕರಣ

ಬಂಟ್ವಾಳ ತಾಲ್ಲೂಕಿನ, ನಲವತ್ತು ದಾಟಿದ ಮಹಿಳೆಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ) ನಿದ್ರೆ ಬಾರದಿರುವುದು, ಕತ್ತುನೋವು ಮತ್ತು ಆಗಾಗ ಉಕ್ಕಿಬರುವ ಅಳುವಿನ ಕಾರಣಕ್ಕೆ 2022ರಲ್ಲಿ ಸಲಹೆಗೆ ಬಂದರು. ಮದುವೆಯಾದಂದಿನಿಂದ ಬೀಡಿ ಕಟ್ಟುತ್ತಿದ್ದರೂ, ಉದ್ಯೋಗವೇನೆಂದು ಕೇಳಿದಾಗ "ಕೆಲಸ ಏನೂ ಇಲ್ಲ, ಮನೆಯಲ್ಲೇ ಇರುವುದು" ಎಂದರು.

ಎರಡನೆಯ ಭೇಟಿಯಲ್ಲಿ ಮಾತು, ಎಲೆ ಮತ್ತು ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿಯನ್ನು ಪಡೆಯುವ ಬೀಡಿ ಬ್ರಾಂಚಿನತ್ತ ತಿರುಗಿತು. ಅಲ್ಲಿ ಎಲೆಯನ್ನು ಕಡಿಮೆ ತೂಗಿ ಕೊಡುತ್ತಿದ್ದರು. ಒಪ್ಪಿಸಿದ ಬೀಡಿಯಲ್ಲಿ ಹಲವು ಕಟ್ಟುಗಳನ್ನು ಸರಿಯಿಲ್ಲವೆಂದು ಬದಿಗಿಟ್ಟು ಕೂಲಿ ಕಡಿದರೂ ಅವುಗಳನ್ನು ಹಿಂದಿರುಗಿಸುತ್ತಿರಲಿಲ್ಲ. ಗಂಡ ಅದನ್ನು ಹೆಂಡತಿಯ ಕೈಯ ದೋಷವೆಂದರು. ಅವರೂ ಹಾಗೆಯೇ ನಂಬಿ, ನಡುರಾತ್ರಿ ಎದ್ದು ಮರುದಿನ ಕೊಡಬೇಕಾದ ಬೀಡಿಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು.

ಇಂಥವರಿಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆಗ ಜಾರಿಯಲ್ಲಿದ್ದ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು, ಮಾಲೀಕರು ಅಥವಾ ಗುತ್ತಿಗೆದಾರರು ಕೊಟ್ಟ ಕಚ್ಚಾವಸ್ತುವಿನಿಂದ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಪರಿಗಣಿಸುತ್ತಿತ್ತು. ಕಚ್ಚಾವಸ್ತುವಿನ ವಿತರಣೆ, ಬೀಡಿಯ ತಿರಸ್ಕಾರ ಹಾಗೂ ತಿರಸ್ಕೃತ ಬೀಡಿಯ ಕೂಲಿಗೆ ಸಂಬಂಧಿಸಿದ ವ್ಯಾಜ್ಯಗಳನ್ನು ಶೀಘ್ರವಾಗಿ ತೀರ್ಮಾನಿಸಲು ಅದರಲ್ಲಿ ಪ್ರತ್ಯೇಕ ಅವಕಾಶವಿತ್ತು. ಭವಿಷ್ಯನಿಧಿಯ ಪ್ರಶ್ನೆ ಎದ್ದಾಗ ಸುಪ್ರೀಂ ಕೋರ್ಟು 1985ರಲ್ಲಿ, ಬೀಡಿಯನ್ನು ತಿರಸ್ಕರಿಸುವ ಅಧಿಕಾರವೇ ಮಾಲೀಕರ ನಿಯಂತ್ರಣವನ್ನು ತೋರಿಸಬಲ್ಲದೆಂದು ಹೇಳಿ, ಮನೆಯಲ್ಲಿ ಕಟ್ಟುವವರನ್ನೂ ಆ ನಿಧಿಯ ವ್ಯಾಪ್ತಿಗೆ ಸೇರಿಸಿತು. ತಮ್ಮನ್ನು ಇಷ್ಟು ಕುಗ್ಗಿಸಿದ ತಿರಸ್ಕಾರವೇ ತಾವು ಕಾರ್ಮಿಕರೆಂಬುದಕ್ಕೆ ಆಧಾರವೆಂಬ ಈ ವಿಷಯವನ್ನು ಅವರು ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದರು.

ಎಲೆ ಮತ್ತು ಹೊಗೆಸೊಪ್ಪಿನ ತೂಕ, ಒಪ್ಪಿಸಿದ ಬೀಡಿ, ಬದಿಗಿಟ್ಟ ಬೀಡಿ ಇವೆಲ್ಲವನ್ನೂ ದಿನಾಂಕ ಹಾಕಿ ತಮ್ಮದೇ ಪುಸ್ತಕದಲ್ಲಿ ಬರೆಯುವಂತೆ, ಬರೆದ ಮೇಲೆ ಬೀಡಿಯನ್ನು ಕಟ್ಟಿಟ್ಟು ರಾತ್ರಿ ಮತ್ತೆ ಬಿಚ್ಚದಿರುವಂತೆ ಸಲಹೆ ಕೊಟ್ಟೆ. ಭವಿಷ್ಯನಿಧಿ ಖಾತೆಯ ಹೆಸರು ಮತ್ತು ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತವೆಯೇ ಎಂದು ಈಗಲೇ ನೋಡಿಕೊಳ್ಳಬೇಕೆಂದೂ ತಿಳಿಸಿದೆ. ಕತ್ತುನೋವಿಗೆ ವೈದ್ಯರಲ್ಲಿಗೆ ಕಳುಹಿಸಿದೆ. ಒಬ್ಬರೇ ದೂರಿತ್ತರೆ ಎಲೆ ಕೊಡುವುದನ್ನೇ ನಿಲ್ಲಿಸಿಯಾರೆಂಬ ಅವರ ಭಯ ನಿರಾಧಾರವಾಗಿರಲಿಲ್ಲ. ಆದ್ದರಿಂದ ಅದೇ ಬ್ರಾಂಚಿನ ಇತರ ಮಹಿಳೆಯರೊಡಗೂಡಿ, ಬೀಡಿ ಕಾರ್ಮಿಕರ ಸಂಘದ ಮೂಲಕ ಕಾರ್ಮಿಕ ನಿರೀಕ್ಷಕರಿಗೆ ಬರೆಯುವುದೇ ಸೂಕ್ತವೆಂದೆ.

ಮುಂದಿನ ಭೇಟಿಗೆ ಗಂಡನೂ ಬಂದರು. ಎಲೆ ಹಳತಾಗಿ ಹರಿಯುತ್ತಿದ್ದ ವಾರಗಳಲ್ಲೇ ತಿರಸ್ಕಾರ ಹೆಚ್ಚಿತ್ತೆಂಬುದು ಪುಸ್ತಕದಿಂದ ಅವರಿಗೂ ಸ್ಪಷ್ಟವಾಯಿತು. ನಿದ್ರೆ ಸುಧಾರಿಸಿದ್ದರಿಂದ, ದೂರು ಇನ್ನೂ ವಿಚಾರಣೆಯಲ್ಲಿದ್ದಾಗಲೇ ಭೇಟಿಗಳನ್ನು ಮುಗಿಸಿದೆವು.