ಕುಳಿತೇ ಮಾತಾಡುತ್ತಿದ್ದ ಅವ್ವ

(ಹೆಸರು, ಗುರುತು ಬದಲಿಸಿದ್ದೇನೆ.)

ಏಪ್ರಿಲ್ ಮೊದಲ ವಾರ. ಕಲಬುರಗಿಯ ಬಿಸಿಲು ಆಗಲೇ 40 ಡಿಗ್ರಿ ಮುಟ್ಟಿತ್ತು. ತಾಯಿ, ಮಗಳು ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ನನ್ನ ಆಪ್ತಸಮಾಲೋಚನೆ ಕೊಠಡಿಯ ಒಳಗೆ ಬಂದರು. ತಾಯಿ ಸ್ವಲ್ಪ ಕುಂಟುತ್ತಿದ್ದರು. ಅದನ್ನು ನಾನು ಅವತ್ತು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.

ಮಗಳನ್ನು ಗೌರಿ ಎನ್ನೋಣ. ವಯಸ್ಸು 21, ಇಂಜಿನಿಯರಿಂಗ್ ವಿದ್ಯಾರ್ಥಿನಿ. ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಿ ಮಾರ್ಚ್‌ನಲ್ಲಿ ಮರಳಿದ್ದಳು.

"ಬಂದಾಗಿಂದ ಬಾಗಿಲಾ ಹಾಕ್ಕೊಂಡು ಕುಂದರ್ತಾಳ್ರಿ ಮೇಡಂ. ಮಂದಿ ಬಂದ್ರ ಹೊರಗ ಬರಲ್ಲ, ರೊಟ್ಟಿ ಮುಟ್ಟಲ್ಲ. ಪರದೇಶಕ್ಕ ಹೋಗಿ ಧಿಮಾಕ ಬಂದದ ಅಂತಾರ್ರಿ ಇವ್ರಪ್ಪ," ಎಂದರು ತಾಯಿ.

ಇಂಥವರನ್ನು ನಾನು ನೋಡಿದ್ದೇನೆ. ಹೊರದೇಶದಲ್ಲಿ ಒಮ್ಮೆ ಕುಗ್ಗಿ, ಚೇತರಿಸಿಕೊಂಡು, ಮನೆಗೆ ಬಂದ ಮೇಲೆ ಮತ್ತೆ ಕುಗ್ಗುತ್ತಾರೆ. ಅಮೆರಿಕದ ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲೇ ಈ ಏರಿಳಿತವನ್ನು ಇಂಗ್ಲಿಷಿನ 'ಡಬ್ಲ್ಯು' ಅಕ್ಷರಕ್ಕೆ ಹೋಲಿಸಿದ್ದರು. ಎರಡನೇ ಸಲದ ಕುಸಿತಕ್ಕೆ ಯಾರೂ ತಯಾರಿರುವುದಿಲ್ಲ. ಸ್ವಂತ ಮನೆಗೆ ಬರೋದಕ್ಕೆ ತಯಾರಿ ಯಾಕೆ, ಅಲ್ವಾ? ಇದೂ ಅದೇ ಇರಬೇಕು ಅಂದುಕೊಂಡೆ.

ಗೌರಿಯನ್ನು ಒಬ್ಬಳನ್ನೇ ಕೂರಿಸಿ ಕೇಳಿದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವುದು, ಭಾನುವಾರ ಅಂಗಡಿ ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಡುವುದು, ರಾತ್ರಿ ಹತ್ತಕ್ಕೆ ಒಬ್ಬಳೇ ಟ್ರಾಮ್ ಹತ್ತಿ ಬರುವುದು. ಹೇಳುತ್ತಾ ಮುಖ ಅರಳಿತು. ತಟ್ಟನೆ ನಿಲ್ಲಿಸಿಬಿಟ್ಟಳು.

"ನಾ ಅಲ್ಲಿ ಹಿಮದಾಗ ಫೋಟೋ ತಕ್ಕೊಳ್ಳೋವಾಗ ಅವ್ವ ಇಲ್ಲಿ ಹಾಸಿಗಿ ಹಿಡಿದಿದ್ಳು ಮೇಡಂ."

ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಮಗಳ ಪರೀಕ್ಷೆ ಕೆಡಬಾರದೆಂದು ಯಾರೂ ಬಾಯಿ ಬಿಡಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅವ್ವ ಕುಳಿತೇ ಮಾತಾಡುತ್ತಿದ್ದರು, ನಗುತ್ತಿದ್ದರು. ಮನೆಗೆ ಬಂದ ದಿನ ಗೌರಿಗೆ ಗೋಡೆಗೆ ಒರಗಿಸಿದ್ದ ವಾಕರ್ ಕಂಡಿತು. ಅಡುಗೆಮನೆಯಲ್ಲಿ ಅವ್ವ ಬಡಿದ ಬಿಸಿ ರೊಟ್ಟಿ ಇರಲಿಲ್ಲ. ಅಂಗಡಿಯಿಂದ ತಂದ ಖಡಕ್ ರೊಟ್ಟಿಯ ಪ್ಯಾಕೆಟ್ ಇತ್ತು. ಅದನ್ನು ನೋಡಿದರೆ ಅವಳಿಗೆ ಗಂಟಲು ಕಟ್ಟುತ್ತಿತ್ತು. ಧಿಮಾಕಲ್ಲ.

ಜರ್ಮನಿಯ ಆ ಊರಿನ ನೆನಪು ಕಾಡುತ್ತಿತ್ತು. ನೆನೆದರೆ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು. ಇನ್ನು ಬಾಗಿಲು ಹಾಕಿಕೊಳ್ಳದೆ ಏನು ಮಾಡಿಯಾಳು?

ಮುಂದಿನ ವಾರ ತಂದೆಯನ್ನೂ ಕರೆಸಿದೆ. "ಪ್ರೀತಿಯಿಂದಲೇ ಮುಚ್ಚಿಟ್ಟಿರಿ, ಗೊತ್ತು. ಆದರೆ ಈಗ 'ಆಗಿದ್ದು ಆಗಿ ಹೋಯ್ತು ಬಿಡು' ಅನ್ನಬೇಡಿ. ಬಿದ್ದ ದಿನದಿಂದ ಒಂದೊಂದೇ ಹೇಳಿ. ಆಸ್ಪತ್ರೆ ಫೈಲ್, ಎಕ್ಸ್‌ರೇ ಅವಳ ಕೈಗೆ ಕೊಡಿ," ಎಂದೆ. ಗೌರಿಗೆ ಹೇಳಿದ್ದಿಷ್ಟು: "ಫೋಟೋಗಳನ್ನು ಅವ್ವನಿಗೆ ತೋರಿಸು. ನೀನು ಅದನ್ನೆಲ್ಲ ನೋಡಲಿ ಅಂತಲೇ ಅವರು ನೋವು ನುಂಗಿದ್ದು."

ಅಲ್ಲಿಯಂತೆ ಇಲ್ಲೂ ಗೌರಿ ಒಬ್ಬಳೇ ಓಡಾಡಲಿ ಎಂದೆ. ಅದಕ್ಕೆ ತಂದೆ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಸಂಜೆ ಶರಣಬಸವೇಶ್ವರ ಕೆರೆಯ ಕಡೆ ವಾಕಿಂಗ್, ಎಂಟರೊಳಗೆ ಮನೆ, ನಡುವೆ ಫೋನ್ ಮಾಡಿ ವಿಚಾರಿಸುವಂತಿಲ್ಲ ಅಂತ ತೀರ್ಮಾನವಾಯಿತು. ಎರಡು ವಾರದಲ್ಲಿ ಊಟ, ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು, ರಾತ್ರಿ ಹೊತ್ತು ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು ಎಂದೂ ಹೇಳಿದೆ.

ಮೂರನೇ ಸಲ ಗೌರಿ ಒಬ್ಬಳೇ ಬಂದಳು. ಹಿಮದ ಫೋಟೋ ನೋಡಿ ಅವ್ವ, "ಇಷ್ಟು ಥಂಡ್ಯಾಗ ಕಾಲಿಗಿ ಏನ್ ಹಾಕ್ಕೋತಿದ್ದಿ?" ಎಂದು ಕೇಳಿದರಂತೆ. ಈಗ ಅವ್ವ ಕುರ್ಚಿಯಲ್ಲಿ ಕುಳಿತು ಹೇಳಿಕೊಡುತ್ತಾರೆ, ಇವಳು ರೊಟ್ಟಿ ಬಡಿಯುತ್ತಾಳೆ.

"ಅಂಚು ಹರೀತದ್ರಿ ಇನ್ನಾ," ಎಂದು ಸುಟ್ಟ ಬೆರಳು ತೋರಿಸಿದಳು.