ಆ ಒಂದು ‘ಯಾಕೋ’

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ‘ಮುಂಗಾರು ಮಳೆ’ಯ ಹಾಡುಗಳನ್ನು ತುಂಬಾ ಹೊಗಳಿದ್ದೀರಿ. ಹಾಡಿದವರಲ್ಲಿ ಜಾಸ್ತಿ ಜನ ಮುಂಬೈನವರು. ಮಾತುಗಳೋ, ಮನೆಯಲ್ಲಿ ಆಡುವಂಥವು. ಅದರಲ್ಲಿ ಅಂಥದ್ದೇನಿದೆ? ಕೇಳುವುದಾದರೆ ಯಾವ ಹಾಡಿನಿಂದ ಶುರು ಮಾಡಲಿ?”

ಮೇಷ್ಟ್ರೇ, ನಮಸ್ಕಾರ.

ಮನೆಯಲ್ಲಿ ಆಡುವ ಮಾತು ಅಂದಿರಲ್ಲ, ನನಗೆ ಆ ಹಾಡುಗಳು ಹಿಡಿಸಿದ್ದೇ ಅದಕ್ಕೆ. ‘ಅನಿಸುತಿದೆ ಯಾಕೋ ಇಂದು’ ಅನ್ನುವ ಸಾಲನ್ನು ಸುಮ್ನೆ ಒಮ್ಮೆ ಹೇಳಿ ನೋಡಿ, ರಾಗ ಬೇಡ. ನಾವು ಮಾತಾಡುವಾಗ ಕ್ರಿಯಾಪದ ಕೊನೆಗೆ ಬರುತ್ತದೆ. ‘ಯಾಕೋ ಇವತ್ತು ಹಂಗನಿಸ್ತಿದೆ’ ಅನ್ನುತ್ತೇವೆ. ಹಾಡು ಬರೆದ ಜಯಂತ ಕಾಯ್ಕಿಣಿ ಅದನ್ನು ಎತ್ತಿ ಮೊದಲಿಗೇ ಇಟ್ಟರು. ಏನು ಅನಿಸುತಿದೆ ಅನ್ನುವುದು ಮುಂದಿನ ಸಾಲಿಗೆ ಹೋಯಿತು. ಅಲ್ಲಿವರೆಗೆ ನಾವು ಕಾಯಬೇಕು. ನಡುವೆ ಆ ‘ಯಾಕೋ’. ಊಟ ಸೇರದಿದ್ದರೂ ಯಾಕೋ, ನಿದ್ದೆ ಬರದಿದ್ದರೂ ಯಾಕೋ. ಕಾರಣ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಪದ. ಪ್ರೀತಿಗೆ ಬಿದ್ದ ಹುಡುಗ ಇನ್ನೇನು ಹೇಳಬೇಕು, ನೀವೇ ಹೇಳಿ.

ಸಿನಿಮಾ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ಮುಂದಿನ ಮಳೆಗಾಲದಲ್ಲಿ ನಾನು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಬಸ್ಸಿನ ಕಿಟಕಿಗೆಲ್ಲ ಮಂಜು ಕಟ್ಟಿತ್ತು. ಡ್ರೈವರ್ ಈ ಹಾಡು ಹಾಕಿದ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ‘ಯಾಕೋ’ ಬಂದಾಗ ಮಾತ್ರ ದನಿ ಸೇರಿಸುತ್ತಿದ್ದ, ಉಳಿದದ್ದಕ್ಕೆ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅವನಿಗೆ ಬೇಕಾದ ಪದ ಅದೊಂದೇ ಇದ್ದಿರಬೇಕು.

ಇನ್ನು ಹಾಡಿದವರ ವಿಷಯ. ಸೋನು ನಿಗಮ್, ಶ್ರೇಯಾ ಘೋಷಾಲ್, ಕುನಾಲ್ ಗಾಂಜಾವಾಲಾ, ಉದಿತ್ ನಾರಾಯಣ್, ಸುನಿಧಿ ಚೌಹಾಣ್. ಪಟ್ಟಿ ನೋಡಿದರೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಪತ್ರದ ತುಂಬಾ ನೆನೆದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ, ಎಸ್ಪಿಬಿ ಇಬ್ಬರದೂ ತೆಲುಗು ಮನೆಮಾತು. ಅವರನ್ನು ನಾವು ಹೊರಗಿನವರು ಅಂದುಕೊಂಡೇ ಇಲ್ಲ, ಅಲ್ವಾ? ಹಿಂದಿಯವರ ನಾಲಿಗೆಗೆ ನಮ್ಮ ‘ಳ’ ಸುಲಭಕ್ಕೆ ಸಿಗುವುದಲ್ಲ. ‘ಮುಂಗಾರು ಮಳೆಯೇ’ ಅಂತ ಮಳೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸುವ ಹಾಡಿನಲ್ಲಿ ಅದು ಜಾರಿದ್ದರೆ ಎಲ್ಲ ಹಾಳಾಗುತ್ತಿತ್ತು. ಸೋನು ನಿಗಮ್ ಅದನ್ನು ಜಾರಲು ಬಿಟ್ಟಿಲ್ಲ. ನನ್ನ ಕಿವಿಗಂತೂ ಹಾಗೆ.

ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಈ ಆಲ್ಬಂ ಗೆದ್ದ ಮೇಲೆ ಮುಂಬೈ ದನಿ ಇದ್ದರೇನೇ ಹಾಡು ಓಡುತ್ತದೆ ಅನ್ನುವ ನಂಬಿಕೆ ಗಾಂಧಿನಗರದಲ್ಲಿ ಬೇರೂರಿತು. ನಮ್ಮ ಗಾಯಕರಿಗೆ ಅದರಿಂದ ಪೆಟ್ಟು ಬಿತ್ತು. ನನಗೂ ಅದು ನೋವಿನ ವಿಷಯವೇ. ಈ ಹಾಡುಗಳಿಗೆ ಸಂಗೀತ ಕೊಟ್ಟ ಇದೇ ಮನೋಮೂರ್ತಿ ‘ಅಮೆರಿಕಾ ಅಮೆರಿಕಾ’ ಸಿನಿಮಾದಲ್ಲಿ ‘ನೂರು ಜನ್ಮಕೂ’ ಹಾಡಿಸಿದ್ದು ರಾಜೇಶ್ ಕೃಷ್ಣನ್ ಕೈಲಿ. ಎಷ್ಟು ಚೆನ್ನಾಗಿ ಬಂತು ಅಂತ ನಿಮಗೇ ಗೊತ್ತು. ಆ ದಾರಿ ಮುಚ್ಚಬೇಕಾಗಿರಲಿಲ್ಲ.

ಎಲ್ಲ ಹಾಡೂ ಒಂದೇ ತೂಕದ್ದಲ್ಲ. ‘ಕುಣಿದು ಕುಣಿದು ಬಾರೆ’ ಕಾಲು ಕುಣಿಸುತ್ತದೆ, ಅಷ್ಟೇ ಸಾಕು. ಕವಿರಾಜ್ ಬರೆದ ‘ಒಂದೇ ಒಂದು ಸಾರಿ’ ಹಿತವಾಗಿದೆ. ಆದರೆ ಸಿನಿಮಾದ ನಾಯಕಿಯ ಎರಡು ಹಾಡನ್ನು ಒಂದರ ಹಿಂದೆ ಒಂದು ಕೇಳಿ. ಒಂದರಲ್ಲಿ ‘ಇವನು ಗೆಳೆಯನಲ್ಲ’, ಇನ್ನೊಂದರಲ್ಲಿ ‘ಅರಳುತಿರು ಜೀವದ ಗೆಳೆಯ’. ಮದುವೆ ಗೊತ್ತಾಗಿರುವ ಹುಡುಗಿ ಅವಳು. ಎದುರಿಗಿರುವವನನ್ನು ಏನಂತ ಕರೆಯಬೇಕು ಅನ್ನುವುದೇ ಅವಳ ಸಂಕಟ. ಎರಡು ಹಾಡಿನಲ್ಲೂ ಅದೇ ‘ಗೆಳೆಯ’. ಒಂದು ಕಡೆ ಬೇಡ ಅನ್ನುತ್ತಾಳೆ, ಇನ್ನೊಂದು ಕಡೆ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಅವಳು ಬಾಯಿಬಿಟ್ಟು ಹೇಳದ್ದೆಲ್ಲ ಈ ಎರಡರ ನಡುವೆಯೇ ಇದೆ.

ಹಾಗಾಗಿ ಶುರು ‘ಅರಳುತಿರು’ನಿಂದಲೇ ಆಗಲಿ. ರಾತ್ರಿ ಊಟ ಮುಗಿದು, ಟಿವಿ ಆರಿಸಿ, ಮನೆ ಸ್ವಲ್ಪ ತಣ್ಣಗಾದ ಮೇಲೆ ಕೇಳಿ. ಆಮೇಲೂ ಹಿಡಿಸದಿದ್ದರೆ ಯಾಕೆ ಅಂತ ನನಗೊಂದು ಕಾರ್ಡು ಹಾಕಿ. ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಹಾಕುತ್ತೇನೆ.

— ಸಂ.