ಹಳೇ ಝೆನ್‌ಗೆ ಬ್ಲೋವರ್ ಮೋಟಾರ್: ಹೊಸದೋ, ಗುಜರಿಯದೋ?

2002ರ ಮಾರುತಿ ಝೆನ್ ಕಾರು, ವೆಂಟಿನಿಂದ ಗಾಳಿ ಬೀಸುವ ಬ್ಲೋವರ್ ಮೊದಲು ಕಿರ್ರೆಂದು ಸಪ್ಪಳ ಮಾಡುತ್ತಿತ್ತು, ಈಗ ಡ್ಯಾಶ್‌ಬೋರ್ಡಿನ ಕೆಳಗೆ ಗುದ್ದಿದರೆ ಮಾತ್ರ ತಿರುಗುತ್ತದೆ, ಬೆಳಗಾವಿಯಲ್ಲಿ ಗುಜರಿ ಮೋಟಾರ್ ಹಾಕಿಸಲೋ ಹೊಸದು ತರಲೋ ಎಂದು ಕೇಳಿದ್ದೀರಿ. ಹೊಸದು ತರ್ರಿ. ಗುಜರಿಯಲ್ಲಿ ಸಿಗೋದು ನಿಮ್ಮ ಗಾಡಿಯಷ್ಟೇ ಹಳೇ ಮೋಟಾರ್, ಅದರೊಳಗೆ ಕರೆಂಟ್ ದಾಟಿಸುವ ಬ್ರಷ್ಷೂ ಅಷ್ಟೇ ಸವೆದಿರುತ್ತದೆ.

ಗುದ್ದಿದಾಗ ಹೊರಡುವುದು ಕಾರ್ಬನ್ ಬ್ರಷ್ ಸವೆದದ್ದರ ಲಕ್ಷಣ. ಬ್ರಷ್ ಗಿಡ್ಡಾದ ಮೇಲೆ ಸ್ಪ್ರಿಂಗ್ ಅದನ್ನು ಕಾಮ್ಯುಟೇಟರಿಗೆ (ಶಾಫ್ಟಿನ ಜೊತೆ ತಿರುಗುವ ತಾಮ್ರದ ಪಟ್ಟಿಗಳ ಉಂಗುರಕ್ಕೆ) ಸರಿಯಾಗಿ ಒತ್ತಲಾರದು. ಗುದ್ದಿದ ಅದುರಿಗೆ ತಾಗಿಕೊಂಡು ಹೊರಡುತ್ತದೆ. ಕಿರ್ರೆನ್ನುವ ಸಪ್ಪಳ ಶಾಫ್ಟನ್ನು ಹಿಡಿದಿಡುವ ಒಣಗಿದ ಬುಷ್‌ದು. ಕೆಲವರು ಎಣ್ಣೆ ಬಿಡಲು ಹೇಳುತ್ತಾರೆ. ಬೇಡ. ಆ ಎಣ್ಣೆ ಕಾಮ್ಯುಟೇಟರ್ ಮೇಲೆ ಇಳಿದು ಕಾರ್ಬನ್ ಪುಡಿಯ ಜೊತೆ ಸೇರಿ ಕೆಸರಾಗುತ್ತದೆ, ಮೋಟಾರ್ ಇನ್ನೂ ಬೇಗ ಸಾಯುತ್ತದೆ. ಕಾಮ್ಯುಟೇಟರ್ ನುಣುಪಾಗಿದ್ದರೆ ವೈಂಡಿಂಗ್ ಅಂಗಡಿಯವರು ಬ್ರಷ್, ಬುಷ್ ಬದಲಿಸಿ ಕೊಡಬಲ್ಲರು. ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಆ ಖರ್ಚು ದಂಡ.

ದುಡ್ಡು ಕೊಡುವ ಮೊದಲು ದೋಷ ಮೋಟಾರಿನದೇ ಹೌದೋ ಅಲ್ಲವೋ ನೋಡಿಕೊಳ್ಳಿ. ಗ್ಲೋವ್ ಬಾಕ್ಸ್ ತೆಗೆದರೆ ಹಿಂದೆ ಮೋಟಾರ್ ಕಾಣುತ್ತದೆ. ಅದರ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ನಡುವೆ 20 ಆಂಪ್ ಫ್ಯೂಸ್ ಇಟ್ಟು, ಬ್ಯಾಟರಿಯಿಂದ ನೇರ ಕರೆಂಟ್ ಕೊಡಿ. ಗುದ್ದದೆಯೇ ಪ್ರತಿ ಸಲ ಜೋರಾಗಿ ತಿರುಗಿತೆಂದರೆ ತಪ್ಪು ವೈರಿಂಗಿನಲ್ಲಿದೆ. ಆಗ ಕಪ್ಲರ್ ಮತ್ತೆ ಹಾಕಿ, ಎಂಜಿನ್ ಚಾಲೂ ಇಟ್ಟು, ಫುಲ್ ಸ್ಪೀಡಿನಲ್ಲಿ ಅಲ್ಲಿನ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ ಸುಮಾರು 14 ಇದ್ದು ಕಪ್ಲರಿನಲ್ಲಿ 11 ಅಷ್ಟೇ ಬಂದರೆ ಅರ್ಥಿಂಗ್ ಇಲ್ಲವೇ ಸ್ವಿಚ್ ನೋಡಬೇಕು. ಫುಲ್ ಸ್ಪೀಡ್ ಮಾತ್ರ ನಡೆದು ಉಳಿದವು ಸತ್ತಿದ್ದರೆ ಸ್ಪೀಡ್ ತಗ್ಗಿಸುವ ರೆಸಿಸ್ಟರ್ ಹೋಗಿದೆ, ಮೋಟಾರ್ ಮುಟ್ಟಲೇಬೇಡಿ.

ಆಯ್ಕೆಗೆ ಬಂದರೆ, ಫೋನಿನಲ್ಲಿ ಮಾಡೆಲ್ ಹೆಸರು ಹೇಳಿ ತರಿಸಬೇಡಿ. ಹಳೇ ಮೋಟಾರನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ಎಸಿ ಇದ್ದ ಗಾಡಿಯ ಮೋಟಾರ್, ಬರೀ ಹೀಟರ್ ಇದ್ದ ಗಾಡಿಯ ಮೋಟಾರ್ ಒಂದೇ ಇರುತ್ತದೆಂದು ಎಣಿಸಬೇಡಿ. ಮೈಮೇಲಿನ ನಂಬರ್, ಶಾಫ್ಟಿನ ದಪ್ಪ ಮತ್ತು ಉದ್ದ, ಸ್ಕ್ರೂ ತೂತುಗಳ ಅಂತರ, ಕಪ್ಲರಿನ ಆಕಾರ ಬರೋಬರಿ ಹೊಂದಬೇಕು. ಮೋಟಾರ್ ತಣ್ಣಗಿರಲು ಗಾಳಿ ಬಿಡುವ ಸಣ್ಣ ರಬ್ಬರ್ ಪೈಪ್ ಹಳೆಯದಕ್ಕಿದ್ದರೆ ಹೊಸದರಲ್ಲೂ ಅದಕ್ಕೆ ಜಾಗ ಇರಲೇಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ತಿರುಗುವ ದಿಕ್ಕಿನಲ್ಲಿ. ಬ್ಲೋವರಿನ ಚಕ್ರ ಉಲ್ಟಾ ತಿರುಗಿದರೂ ಗಾಳಿ ಹಿಂದಕ್ಕೆ ಎಳೆಯುವುದಿಲ್ಲ, ವೆಂಟಿನಿಂದಲೇ ಬರುತ್ತದೆ, ಆದರೆ ಬಹಳ ಕಡಿಮೆ. ಅದಕ್ಕೇ ಯಾರಿಗೂ ಅನುಮಾನ ಬರದೆ ಎಸಿ ಗ್ಯಾಸ್ ತುಂಬಿಸುವತನಕ ಹೋಗುತ್ತದೆ. ಚಕ್ರವನ್ನು ಕೈಯಲ್ಲಿ ಹಿಡಿದು ನೋಡಿ: ಸಣ್ಣ ಎಸಳುಗಳು ಬಾಗಿರುತ್ತವೆ, ಅವುಗಳ ತಗ್ಗಾದ ಬದಿ ತಿರುಗುವ ದಿಕ್ಕಿಗೆ ಮುಖ ಮಾಡಿರಬೇಕು. ವೈರ್ ಅದಲುಬದಲು ಮಾಡಿದರೆ ಮೋಟಾರ್ ದಿಕ್ಕು ಬದಲಿಸುತ್ತದೆ, ಹೌದು. ಆದರೆ ಒಂದೇ ದಿಕ್ಕಿಗೆಂದು ಬ್ರಷ್ ಕೂರಿಸಿದ ಮೋಟಾರುಗಳು ಉಲ್ಟಾ ತಿರುಗಿದರೆ ಕಿಡಿ ಹಾರಿಸಿ ಬೇಗ ಸವೆಯುತ್ತವೆ. ಚಕ್ರ ಸಮೇತ ಸಿಕ್ಕರೆ ಅದನ್ನೇ ತಗೊಳ್ಳಿ. ಹಳೇ ಚಕ್ರವನ್ನೇ ಹಾಕುವುದಾದರೆ ಎಸಳಿಗೆ ಸಿಕ್ಕಿಸಿದ ಚಿಕ್ಕ ತಗಡಿನ ಕ್ಲಿಪ್ ಕೀಳಬೇಡಿ, ಅದು ಬ್ಯಾಲೆನ್ಸಿಗಾಗಿ ಇದೆ.

"ಜಾಸ್ತಿ ಪವರ್‌ದು ಹಾಕ್ರಿ, ಗಾಳಿ ಚಲೋ ಬರ್ತದ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 12 ವೋಲ್ಟಿನಲ್ಲಿ 120 ವ್ಯಾಟಿನ ಮೋಟಾರ್ 10 ಆಂಪ್ ಎಳೆಯುತ್ತದೆ, 180 ವ್ಯಾಟಿನದು 15. ಸ್ವಿಚ್, ರೆಸಿಸ್ಟರ್, ಕಪ್ಲರ್ ಎಲ್ಲವೂ ಹಳೇ ಲೆಕ್ಕಕ್ಕೆ ಮಾಡಿದ್ದು, ಮೊದಲು ಕರಗೋದು ಅವೇ. ಆಂಪ್ ಅಳೆಯಲು ಡಿಸಿ ಕ್ಲಾಂಪ್ ಮೀಟರ್ ಬೇಕು, ಸಣ್ಣ ಮಲ್ಟಿಮೀಟರ್‌ಗಳು ಸಾಮಾನ್ಯವಾಗಿ 10 ಆಂಪ್‌ಗೇ ಮುಗಿಯುತ್ತವೆ. ಅಂಗಡಿಯಲ್ಲೇ ಬ್ಯಾಟರಿಗೆ ಹಚ್ಚಿ ತಿರುಗಿಸಿ ನೋಡಿ, ಒಮ್ಮೆ ಕೂರಿಸಿದ ಎಲೆಕ್ಟ್ರಿಕ್ ಸಾಮಾನನ್ನು ವಾಪಸ್ ತಗೊಳ್ಳುವವರು ಕಡಿಮೆ. ಅನಿವಾರ್ಯವಾಗಿ ಗುಜರಿಯದೇ ತಗೊಂಡರೆ ಶಾಫ್ಟನ್ನು ಅಡ್ಡಡ್ಡ ಅಲುಗಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬಿಟ್ಟುಬಿಡಿ.

ಕೂರಿಸುವ ಮುನ್ನ ಮುಂದಿನ ಗಾಜಿನ ಬುಡದ ಜಾಲರಿ ತೆಗೆದು ಎಲೆ, ಮಣ್ಣು ಬಳಿದು ತೆಗೆಯಿರಿ. ನಮ್ಮ ಕಡೆ ಮಳೆಗಾಲ ಜೋರು. ಅಲ್ಲಿ ನೀರು ಹರಿದುಹೋಗುವ ತೂತು ಎಲೆಯಿಂದ ಮುಚ್ಚಿದರೆ ನೀರು ಬ್ಲೋವರ್ ಡಬ್ಬಿಗೆ ಇಳಿದು ಹೊಸ ಬುಷ್‌ಗೂ ತುಕ್ಕು ಹಿಡಿಸುತ್ತದೆ. ಜುಲೈನಲ್ಲಿ ಗೋವಾ ದಾರಿಯ ಚೋರ್ಲಾ ಘಾಟ್ ಇಳಿಯುವಾಗ ಗಾಜಿನ ಮಂಜು ಬಿಡಿಸೋದೂ ಇದೇ ಬ್ಲೋವರ್, ಆದ್ದರಿಂದ ಈ ಕೆಲಸ ಮಳೆಗೆ ಮೊದಲೇ ಮುಗಿಸಿ.

ರೆಸಿಸ್ಟರನ್ನೂ ಹೊರಗೆ ತೆಗೆದು ನೋಡಿ. ಬಿಗಿಯಾಗಿ ತಿರುಗುತ್ತಿದ್ದ ಹಳೇ ಮೋಟಾರ್ ಹೆಚ್ಚು ಕರೆಂಟ್ ಎಳೆದು ಅದನ್ನೂ ಕಾಯಿಸಿರುತ್ತದೆ. ಕಪ್ಲರಿನ ಪಿನ್ ಕಪ್ಪಾಗಿದ್ದರೆ ಉಜ್ಜಿ ಹಾಕಿದರೆ ಸಾಲದು, ಹಿಡಿತ ಸಡಿಲಾಗಿರುತ್ತದೆ. ಅಷ್ಟೇ ದಪ್ಪದ ವೈರಿನ ಹೊಸ ಕಪ್ಲರ್ ಕೂಡಿಸಿ. ಫ್ಯೂಸ್ ಮಾತ್ರ ಗಾಡಿಯ ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಬರೆದಷ್ಟರದೇ ಇರಲಿ.